ಬಾಗ್ಲ ಹಾಕಣ್ಣ, ಊಜಿ ಬತ್ತದ!

ರೇಷ್ಮೆ ಗೂಡಿನ ಜೊತೆ ರಾಜ್ಯಕ್ಕೆ ಬಂದ ಒಂದು ನೊಣವನ್ನು ನಾಲ್ಕು ದಶಕ ಕಳೆದರೂ ಹೊರಗಟ್ಟಲು ಆಗಿಲ್ಲ. ಈಗ ವಂಶವಾಹಿ ತಿದ್ದಿದ ಭತ್ತ ಗದ್ದೆಗೆ ಇಳಿಯಲು ಸಿದ್ಧವಾಗಿದೆ. ಸೊಳ್ಳೆಯ ವಂಶವಾಹಿ ತಿದ್ದುವ ಸಂಶೋಧನೆ ಬೆಂಗಳೂರಿಗೂ ಬಂದಿದೆ. ಲ್ಯಾಬಿನ ಬಾಗಿಲು ತೆಗೆಯುವ ಅಧಿಕಾರ ಯಾರದು? ತೆಗೆಯುವ ಮೊದಲು ಊರನ್ನು ಕೇಳುತ್ತಾರೆಯೇ?

ಸಂಜೆ ಆರರ ಹೊತ್ತು. ಬಿಳಿಗಿರಿರಂಗನ ಬೆಟ್ಟದ ನೆತ್ತಿ ಮೋಡದಲ್ಲಿ ಮರೆಯಾಗಿದೆ. ಯಳಂದೂರು ತಾಲ್ಲೂಕಿನ ಅಗರ–ಮಾಂಬಳ್ಳಿ ಸುತ್ತಿನ ಹಿಪ್ಪುನೇರಳೆ ತೋಟವೊಂದರ ಅಂಚಿನಲ್ಲಿ ಹುಳುಮನೆ. ಹತ್ತಿರ ಹೋದರೆ ಹೆಂಚಿನ ಮೇಲೆ ಹನಿ ಬಿದ್ದಂಥ ಸದ್ದು. ಮಳೆ ಇನ್ನೂ ಶುರುವಾಗಿಲ್ಲ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುಗಳು ಒಟ್ಟಿಗೆ ಸೊಪ್ಪು ಮೇಯುತ್ತಿವೆ.

ಬಾಗಿಲು ಅರ್ಧ ತೆಗೆದಿದ್ದೇ ತಡ, ಒಳಗಿನಿಂದ ಮನೆಯೊಡತಿಯ ದನಿ: “ಬಾಗ್ಲ ಹಾಕಣ್ಣ, ಊಜಿ ಬತ್ತದ!”

ಬಾಗಿಲಿಗೆ ಪರದೆ, ಕಿಟಕಿಗೆಲ್ಲ ನೈಲಾನ್ ಬಲೆ, ಹೊಸ್ತಿಲಲ್ಲಿ ಸುಣ್ಣದ ಜೊತೆ ಬ್ಲೀಚಿಂಗ್ ಪುಡಿ. ನೊಣಕ್ಕೂ ರೋಗಕ್ಕೂ ಇಷ್ಟು ಕಾವಲು. ಅವರು ಟಾರ್ಚ್ ಬಿಟ್ಟು, ಸೊಪ್ಪಿನ ಕಡ್ಡಿ ಸರಿಸಿ, ಒಂದು ಹುಳುವನ್ನು ಎತ್ತಿ ಅಂಗೈಮೇಲೆ ಇಡುತ್ತಾರೆ. ಬೆರಳುದ್ದದ, ಹಾಲುಬಣ್ಣದ, ಮುಟ್ಟಿದರೆ ತಣ್ಣಗಿರುವ ಹುಳು. ಅದರ ಪಕ್ಕೆಯಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ.

ಊಜಿ ನೊಣದ ಮರಿ ಒಳಹೊಕ್ಕ ಗುರುತು ಅದು. ನೊಣ ಹುಳುವಿನ ಮೈಮೇಲೆ ಮೊಟ್ಟೆ ಅಂಟಿಸಿ ಹಾರಿಹೋಗುತ್ತದೆ. ಎರಡು ಮೂರು ದಿನಕ್ಕೆ ಮೊಟ್ಟೆಯೊಡೆದ ಮರಿ ಚರ್ಮ ಕೊರೆದು ಒಳಗೆ ಸೇರುತ್ತದೆ, ಒಳಗಿನಿಂದಲೇ ತಿನ್ನುತ್ತದೆ. ಹುಳು ಎಳೆಯದಾಗಿದ್ದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಹಣ್ಣಾಗುವ ಹೊತ್ತಿಗೆ ಹೊಕ್ಕಿದ್ದರೆ ಹುಳು ಗೂಡನ್ನೇನೋ ಕಟ್ಟುತ್ತದೆ. ಆದರೆ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಮಾರುಕಟ್ಟೆಯಲ್ಲಿ ಅದು ಕಸ.

ಅಗರ ಹೋಬಳಿಯ ಹಿರಿಯರ ಬಾಲ್ಯದಲ್ಲಿ ಈ ಬಲೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಊಜಿ ಬಂಗಾಳದ ನೊಣ. ಅಲ್ಲಿಂದ ತಂದ ಗೂಡುಗಳ ಒಳಗೆ ಕುಳಿತು ಅದು ಕರ್ನಾಟಕಕ್ಕೆ ಬಂದದ್ದು 1980ರಲ್ಲಿ. ಯಾರೂ ಬೇಕೆಂದು ತಂದದ್ದಲ್ಲ. ಯಾರೂ ತಡೆದದ್ದೂ ಅಲ್ಲ. ಕೆಲವೇ ವರ್ಷಗಳಲ್ಲಿ ದಕ್ಷಿಣದ ರೇಷ್ಮೆ ಸೀಮೆಯೆಲ್ಲ ಅದರದ್ದಾಯಿತು. ಇಂದಿಗೂ ಪ್ರತಿ ಬೆಳೆಯಲ್ಲೂ ಅದಕ್ಕೊಂದು ಪಾಲು ಎತ್ತಿಡಬೇಕು.

ವಂಶವಾಹಿ ತಿದ್ದಿದ ಜೀವಿಗಳನ್ನು ಬಯಲಿಗೆ ಬಿಡುವ ವಿಚಾರ ಬಂದಾಗಲೆಲ್ಲ ನನಗೆ ಈ ಹುಳುಮನೆಯ ಬಾಗಿಲು ನೆನಪಾಗುತ್ತದೆ. ದಿಲ್ಲಿಯ ಸಮಿತಿ ಕೊಠಡಿಯಲ್ಲಿ, ಜಿನೀವಾದ ಸಭೆಯಲ್ಲಿ ದೊಡ್ಡ ದೊಡ್ಡ ಪದಗಳಲ್ಲಿ ನಡೆಯುವ ಚರ್ಚೆಯ ತಿರುಳು ಯಳಂದೂರು ತಾಲ್ಲೂಕಿನ ಹುಳು ಸಾಕುವ ಹೆಣ್ಣುಮಗಳಿಗೆ ಮೊದಲೇ ಗೊತ್ತಿದೆ. ಜೀವ ಇರುವುದನ್ನು ಹೊರಗೆ ಬಿಡುವುದು ಬೇರೆ, ಔಷಧಿ ಸಿಂಪಡಿಸುವುದು ಬೇರೆ. ಔಷಧಿ ಮಳೆಗೆ ತೊಳೆದುಹೋಗುತ್ತದೆ. ಜೀವ ಮರಿ ಹಾಕುತ್ತದೆ.

ಬೆಟ್ಟದ ಪಾಠ

ಹುಳುಮನೆಯಿಂದ ತಲೆ ಎತ್ತಿದರೆ ಕಾಣುವ ಬೆಟ್ಟದ ಮೇಲೂ ಇದೇ ಕಥೆ, ಇನ್ನೂ ದೊಡ್ಡ ಅಳತೆಯಲ್ಲಿ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಂದದ ಹೂವಿನ ಗಿಡವೆಂದು ಲಂಟಾನವನ್ನು ಭಾರತಕ್ಕೆ ತಂದರು. ಬೇಲಿ ಹಾರಿದ ಗಿಡ ಕಾಡು ಸೇರಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಬೆಂಗಳೂರಿನ ‘ಏಟ್ರೀ’ ಸಂಸ್ಥೆಯ ಸಂಶೋಧಕರು 1997ರಲ್ಲಿ ಅಳೆದಾಗ ಪರೀಕ್ಷಿಸಿದ ಪ್ರತಿ ಹತ್ತು ತುಣುಕು ಕಾಡಿನಲ್ಲಿ ನಾಲ್ಕರಲ್ಲಿ ಲಂಟಾನ ಇತ್ತು. 2008ರಲ್ಲಿ ಮತ್ತೆ ಅಳೆದಾಗ ಎಂಟರಲ್ಲಿತ್ತು. ಹನ್ನೊಂದೇ ವರ್ಷದ ಅಂತರ.

ಬೆಟ್ಟದ ಆದಿವಾಸಿಗಳಾದ ಸೋಲಿಗರು ಇದಕ್ಕೆ ಕಾರಣ ಹೇಳುತ್ತಲೇ ಬಂದಿದ್ದರು. ಹಿಂದೆ ಬೇಸಿಗೆಯ ಮೊದಲಲ್ಲಿ ಅವರು ನೆಲದ ಒಣಎಲೆಗೆ ಮಾತ್ರ ತಾಗುವ ಸಣ್ಣ ಬೆಂಕಿ ಇಡುತ್ತಿದ್ದರು. ಅದಕ್ಕೆ ‘ತರಗು ಬೆಂಕಿ’ ಎಂದು ಹೆಸರು. ಕಾಡು ಅಭಯಾರಣ್ಯವಾದ ಮೇಲೆ ಆ ಬೆಂಕಿಗೆ ನಿಷೇಧ ಬಿತ್ತು. ಎಳೆಯ ಲಂಟಾನವನ್ನು ಸುಡುವವರಿಲ್ಲದೆ ಅದು ಮರದೆತ್ತರ ಹಬ್ಬಿತು ಎಂಬುದು ಅವರ ವಾದ. ಸಂಶೋಧಕರು ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಬರೆಯುವ ಹೊತ್ತಿಗೆ ಗಿಡ ಬೆಟ್ಟವನ್ನು ಆವರಿಸಿಯಾಗಿತ್ತು. ಈಗ ಮಲೆ ಮಹದೇಶ್ವರ ಬೆಟ್ಟದ ಕಡೆ ಅದೇ ಲಂಟಾನದ ಕಡ್ಡಿಯಿಂದ ಸೋಲಿಗರು ಕುರ್ಚಿ ಹೆಣೆಯುತ್ತಾರೆ, ಆನೆಯ ಪ್ರತಿಕೃತಿ ಮಾಡುತ್ತಾರೆ. ಕೈಗೊಂದು ಕೆಲಸ ಸಿಕ್ಕಿತು ನಿಜ. ಕಾಡಿನಿಂದ ಲಂಟಾನ ಹೋಗಲಿಲ್ಲ.

ಲಂಟಾನವನ್ನು ತಿನ್ನಲೆಂದು 1941ರಲ್ಲಿ ಆಸ್ಟ್ರೇಲಿಯಾದಿಂದ ಒಂದು ಸಣ್ಣ ತಿಗಣೆಯನ್ನು ಭಾರತಕ್ಕೆ ತರಿಸಿದ್ದರು. ಪರೀಕ್ಷೆಯಲ್ಲಿ ಅದು ತೇಗದ ಹೂವನ್ನೂ ತಿನ್ನುವುದು ಕಂಡಿತು. ಇದು ಬೇಡ, ನಾಶ ಮಾಡಿ ಎಂದು ತೀರ್ಮಾನವಾಯಿತು. ಹತ್ತು ವರ್ಷದ ನಂತರ, 1951ರಲ್ಲಿ, ಅದೇ ತಿಗಣೆ ಡೆಹ್ರಾಡೂನ್ ಸುತ್ತ ಬಯಲಲ್ಲಿ ಸಿಕ್ಕಿತು. ಬಿಡಬಾರದು ಎಂದು ನಿರ್ಧರಿಸಿದ ಜೀವಿಯೂ ತಪ್ಪಿಸಿಕೊಳ್ಳುತ್ತದೆ. ಇದನ್ನು ಮರೆಯದೆ ಮುಂದೆ ಓದಬೇಕು.

---

ಬಿಟ್ಟದ್ದು ಫಲ ಕೊಟ್ಟಾಗ

2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟುತಿಗಣೆ ಪಪ್ಪಾಯಿಯ ಜೊತೆ ಹಿಪ್ಪುನೇರಳೆ ತೋಟಗಳನ್ನೂ ಹಾಳುಗೆಡವಿತು. ರೈತರು ಗಿಡ ಕಿತ್ತು ಸುಟ್ಟರು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆ ಪೋರ್ಟೊರಿಕೊದಿಂದ ಮೂರು ಬಗೆಯ ಪುಟ್ಟ ಪರಾವಲಂಬಿ ಕಣಜಗಳನ್ನು ಅನುಮತಿ ಪಡೆದು ತರಿಸಿತು. ಬಂದ ಕಣಜಗಳನ್ನು ಮೊದಲು ಬಂಧನದಲ್ಲಿಟ್ಟು, ಬೇರೆ ಜೀವಿಗಳನ್ನು ಮುಟ್ಟುತ್ತವೆಯೇ ಎಂದು ಪರೀಕ್ಷಿಸಿ, ಆಮೇಲೆ ಹೊಲಕ್ಕೆ ಬಿಟ್ಟಿತು. ಅವುಗಳಲ್ಲಿ ಒಂದು ಬಗೆ ಹಿಟ್ಟುತಿಗಣೆಯನ್ನು ಹತೋಟಿಗೆ ತಂದಿತು. ರೇಷ್ಮೆ ರೈತರು ಉಸಿರಾಡಿದರು.

---

ಪಹಣಿಯ ಒಂದು ಅಕ್ಷರ

ಈಗ ವಂಶವಾಹಿಯ ಮಾತಿಗೆ ಬರೋಣ. ಕುಲಾಂತರಿ ಎಂಬ ಪದ ನಮ್ಮ ರೈತರಿಗೆ ಎರಡು ದಶಕಗಳಿಂದ ಗೊತ್ತು. ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಹತ್ತಿಗೆ ಸೇರಿಸಿದರೆ ಬಿಟಿ ಹತ್ತಿ. ಅದು ಪರಜೀವಿಯ ತುಣುಕನ್ನು ತಂದು ಜೋಡಿಸುವ ಕೆಲಸ. ವಂಶವಾಹಿ ತಿದ್ದುಪಡಿ ಹಾಗಲ್ಲ. ಆ ಜೀವಿಯದೇ ಡಿಎನ್‌ಎಯಲ್ಲಿ ಗೊತ್ತಾದ ಜಾಗಕ್ಕೆ ಹೋಗಿ ಕತ್ತರಿಸಿ, ಒಂದೆರಡು ಅಕ್ಷರ ಅಳಿಸುವುದು ಅಥವಾ ಬದಲಿಸುವುದು. ಇದಕ್ಕೆ ಬಳಸುವ ‘ಕ್ರಿಸ್ಪರ್’ ಎಂಬ ಕತ್ತರಿಯನ್ನು 2012ರಲ್ಲಿ ಜಗತ್ತಿಗೆ ತೋರಿಸಿಕೊಟ್ಟ ಎಮಾನ್ಯುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ ಅವರಿಗೆ 2020ರಲ್ಲಿ ನೊಬೆಲ್ ಬಂತು.

ನಮ್ಮೂರ ಮಾತಿನಲ್ಲಿ ಹೇಳುವುದಾದರೆ, ಕುಲಾಂತರಿ ಎಂದರೆ ಪಕ್ಕದೂರಿನ ಸರ್ವೆ ನಂಬರನ್ನು ನಮ್ಮ ಪಹಣಿಗೆ ಸೇರಿಸುವುದು. ತಿದ್ದುಪಡಿ ಎಂದರೆ ಇದ್ದ ಪಹಣಿಯಲ್ಲೇ ಅಕ್ಷರ ತಿದ್ದುವುದು. ಎರಡನೆಯದು ಸಣ್ಣ ಕೆಲಸ ಎಂದು ವಿಜ್ಞಾನಿಗಳು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಪಹಣಿಯಲ್ಲಿ ಒಂದು ಅಕ್ಷರ ತಿದ್ದಿದರೂ ತಹಶೀಲ್ದಾರರ ಮುಂದೆ ನೋಟಿಸ್ ಕೊಟ್ಟು, ತಕರಾರಿದ್ದರೆ ಹೇಳಿ ಎಂದು ಕೇಳಿ, ಆಮೇಲೆ ತಿದ್ದಬೇಕು. ಜೀವದ ಪಹಣಿಗೆ ಅಷ್ಟಾದರೂ ಬೇಡವೇ?

ಭತ್ತದ ವಿಷಯದಲ್ಲಿ ನಡೆದದ್ದು ಹೀಗೆ. 2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ದಿಲ್ಲಿಯಲ್ಲಿ ಎರಡು ತಳಿಗಳನ್ನು ಘೋಷಿಸಿದರು. ಮೊದಲನೆಯದು ‘ಡಿಆರ್‌ಆರ್ ಧಾನ್ 100’, ಅದಕ್ಕೆ ಕಮಲಾ ಎಂಬ ಹೆಸರೂ ಇದೆ. ತುಂಗಭದ್ರಾ ಸೀಮೆಯ ರೈತರು ‘ಬಿಪಿಟಿ’ ಎಂದು ಕರೆಯುವ ಸಾಂಬಾ ಮಸೂರಿಯನ್ನು ತಿದ್ದಿ ಹೈದರಾಬಾದ್‌ನ ಭತ್ತ ಸಂಶೋಧನಾ ಸಂಸ್ಥೆ ಮಾಡಿದ್ದು. ಇಳುವರಿ ಶೇ 19ರಷ್ಟು ಹೆಚ್ಚು, ಕೊಯ್ಲು ಸುಮಾರು 20 ದಿನ ಮೊದಲು ಎಂದು ಸಂಸ್ಥೆ ಹೇಳುತ್ತದೆ. ಎರಡನೆಯದು ‘ಪೂಸಾ ಡಿಎಸ್‌ಟಿ ರೈಸ್ 1’. ಚೌಳು ನೆಲದಲ್ಲೂ ತಾಳಿಕೊಳ್ಳುವಂತೆ ಎಂಟಿಯು 1010 ತಳಿಯನ್ನು ತಿದ್ದಿ ದಿಲ್ಲಿಯ ಪೂಸಾ ಸಂಸ್ಥೆ ರೂಪಿಸಿದ್ದು.

ಕಾಲುವೆಯ ಕೊನೆಯಲ್ಲಿ ಗದ್ದೆ ಇರುವವರಿಗೆ ಇವು ಬೇಡದ ಗುಣಗಳಲ್ಲ. ಇಪ್ಪತ್ತು ದಿನ ಮೊದಲೇ ಕೊಯ್ಲಿಗೆ ಬಂದರೆ ಒಂದೆರಡು ನೀರು ಉಳಿಯುತ್ತದೆ. ಕಬಿನಿ ನಾಲೆಯ ನೀರಿಗೆ ಕಾಯುವ ಗದ್ದೆಗೆ ಆ ಒಂದು ನೀರೇ ಬೆಳೆ ಉಳಿಸುವ ನೀರು. ಆದ್ದರಿಂದ ತಿದ್ದಿದ ಭತ್ತ ಎಂದ ಕೂಡಲೇ ವಿಷ ಎಂದು ಕೂಗುವವರ ಜೊತೆ ನಾನು ನಿಲ್ಲಲಾರೆ. ನನ್ನ ತಕರಾರು ಇರುವುದು ಅದು ಬಂದ ದಾರಿಯ ಬಗ್ಗೆ.

ಬೇಡ ಎಂಬುದೇ ನಿಯಮವಾಗಿತ್ತು

ನಮ್ಮ ದೇಶದಲ್ಲಿ ಇದಕ್ಕೊಂದು ಗಟ್ಟಿ ಕಾನೂನು ಇದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರ ಡಿಸೆಂಬರ್‌ನಲ್ಲಿ ಹೊರಬಂದ ನಿಯಮಗಳು. ಆಗ ಕ್ರಿಸ್ಪರ್ ಇರಲಿಲ್ಲ, ಬಿಟಿ ಹತ್ತಿಯೂ ಬಂದಿರಲಿಲ್ಲ. ಆದರೂ ಬರೆದವರು ದೂರ ನೋಡಿದ್ದರು. ಒಂಬತ್ತನೇ ನಿಯಮ ನೇರವಾಗಿದೆ: ವಂಶವಾಹಿ ಬದಲಿಸಿದ ಜೀವಿಗಳನ್ನು ಬೇಕೆಂದು ಆಗಲಿ, ಅರಿಯದೆ ಆಗಲಿ, ಪ್ರಯೋಗಕ್ಕೆಂದೇ ಆಗಲಿ ಪರಿಸರಕ್ಕೆ ಬಿಡುವಂತಿಲ್ಲ. ವಿಶೇಷ ಸಂದರ್ಭದಲ್ಲಿ ಮಾತ್ರ ಕೇಂದ್ರದ ಮೌಲ್ಯಮಾಪನ ಸಮಿತಿ, ಅಂದರೆ ಜಿಇಎಸಿ, ಒಪ್ಪಿಗೆ ಕೊಡಬಹುದು. ಮೊದಲ ಮಾತು ‘ಬೇಡ’. ಒಪ್ಪಿಗೆ ಅದಕ್ಕೆ ಹೊರತು.

2022ರ ಮಾರ್ಚ್ 30ರಂದು ಪರಿಸರ ಸಚಿವಾಲಯ ಒಂದು ಕಚೇರಿ ಟಿಪ್ಪಣಿ ಹೊರಡಿಸಿತು. ತಿದ್ದುಪಡಿ ಮಾಡಿದ ಗಿಡದಲ್ಲಿ ಹೊರಗಿನ ಡಿಎನ್‌ಎ ಉಳಿದಿಲ್ಲವಾದರೆ, ಅಂಥವಕ್ಕೆ 7ರಿಂದ 11ರವರೆಗಿನ ನಿಯಮಗಳು ಅನ್ವಯಿಸುವುದಿಲ್ಲ ಎಂಬುದು ಅದರ ಸಾರ. ಒಂಬತ್ತನೆಯದು ಆ ನಡುವೆಯೇ ಬರುತ್ತದೆ. ಮೇಲೆ ಹೇಳಿದ ಎರಡೂ ಭತ್ತಗಳು ಬಂದದ್ದು ಈ ದಾರಿಯಲ್ಲೇ. ಹೊರಗಿನ ಡಿಎನ್‌ಎ ಉಳಿದಿಲ್ಲವೆಂದು ಖಚಿತಪಡಿಸಿ ವಿನಾಯಿತಿ ಕೊಡುವುದು ತಳಿ ಮಾಡಿದ ಸಂಸ್ಥೆಯೊಳಗಿನ ಜೈವಿಕ ಸುರಕ್ಷತಾ ಸಮಿತಿ. ಸರ್ಕಾರದ ಪ್ರತಿನಿಧಿ ಒಬ್ಬರು ಅದರಲ್ಲಿ ಇರುತ್ತಾರೆ, ಮೇಲಿನ ಸಮಿತಿಗೆ ವರದಿಯೂ ಹೋಗುತ್ತದೆ. ಆದರೂ ಮೊದಲ ಬಾಗಿಲ ಕೀಲಿ ತಳಿ ಮಾಡಿದವರ ಮನೆಯಲ್ಲೇ ಇದೆ.

ಭತ್ತ ತನ್ನ ಹೂವಿನಲ್ಲೇ ತಾನು ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಪಕ್ಕದ ಗದ್ದೆಗೆ ಪರಾಗ ದಾಟುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಕೆರೆಯಂಗಳದಲ್ಲಿ, ನಾಲೆಯ ಮಗ್ಗುಲಲ್ಲಿ ಬೆಳೆಯುವ ಕಾಡುಭತ್ತ ಅದರ ನೆಂಟ. ಚೌಳು ತಾಳುವ ಗುಣ ಗದ್ದೆಯ ಬೆಳೆಗೆ ವರ. ಅದೇ ಗುಣ ಕಳೆಭತ್ತಕ್ಕೆ ಅಂಟಿದರೆ? ಅಪಾಯ ಸಣ್ಣದಿರಬಹುದು. ಸಣ್ಣದೆಂದು ತೋರಿಸುವ ಲೆಕ್ಕವನ್ನು ಬಿತ್ತುವ ರೈತನ ಮುಂದೆ ಇಡಬೇಕಾದದ್ದು ಸರ್ಕಾರದ ಹೊಣೆ.

1989ರ ನಿಯಮಗಳಲ್ಲಿ ಹೆಚ್ಚು ಜನ ಓದದ ಒಂದು ಭಾಗವೂ ಇದೆ. ಅಗತ್ಯವಿರುವ ಜಿಲ್ಲೆಗಳಲ್ಲಿ ಒಂದು ಜಿಲ್ಲಾ ಮಟ್ಟದ ಸಮಿತಿ ಇರಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರು. ಕಾರ್ಖಾನೆ ಇನ್‌ಸ್ಪೆಕ್ಟರ್, ಮಾಲಿನ್ಯ ನಿಯಂತ್ರಣ ಮಂಡಳಿಯವರು, ಜಿಲ್ಲಾ ಆರೋಗ್ಯಾಧಿಕಾರಿ, ಕೃಷಿ ಅಧಿಕಾರಿ ಸದಸ್ಯರು. ಇಂಥ ಜೀವಿಗಳ ಪ್ರಯೋಗ ಎಲ್ಲಿ ನಡೆಯುತ್ತಿದೆ ಎಂದು ನೋಡುವುದು, ಅನಾಹುತವಾದರೆ ಎದುರಿಸಲು ಯೋಜನೆ ಹಾಕುವುದು ಇದರ ಕೆಲಸ. ಆ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಓದಿದೆ. ಅದರಲ್ಲಿ ರೈತರಿಲ್ಲ, ಗ್ರಾಮ ಪಂಚಾಯಿತಿ ಇಲ್ಲ, ಸೋಲಿಗರ ಹಾಡಿಯಾದ ಪೋಡಿನಿಂದ ಯಾರೂ ಇಲ್ಲ.

ಅರ್ಧ ಪಾಲಿನ ನಿಯಮ ಮುರಿದ ಸೊಳ್ಳೆ

ಭತ್ತ ಕೊನೆಗೂ ನಾವು ಬಿತ್ತಿದರೆ ಮಾತ್ರ ಬೆಳೆಯುವ ಬೆಳೆ. ಬೇಡವಾದರೆ ಮುಂದಿನ ವರ್ಷ ಬಿತ್ತದೆ ಇರಬಹುದು. ಸೊಳ್ಳೆ ಹಾಗಲ್ಲ.

ಗಂಡು ಹೆಣ್ಣು ಕೂಡಿ ಹುಟ್ಟುವ ಜೀವಿಗಳಲ್ಲಿ ವಂಶವಾಹಿಗಳು ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ. ಒಂದು ಬದಲಾದ ವಂಶವಾಹಿ ಮಕ್ಕಳಲ್ಲಿ ಅರ್ಧಕ್ಕೆ ಮಾತ್ರ ಹೋಗುತ್ತದೆ. ಉಪಯೋಗವಿಲ್ಲದಿದ್ದರೆ ಕೆಲವು ತಲೆಮಾರಿನಲ್ಲಿ ಮಾಯವಾಗುತ್ತದೆ. ಪ್ರಕೃತಿ ಇಟ್ಟ ತಡೆ ಅದು. ‘ಜೀನ್ ಡ್ರೈವ್’ ಎಂಬ ತಂತ್ರ ಈ ತಡೆಯನ್ನೇ ಕಿತ್ತುಹಾಕುತ್ತದೆ. ತಿದ್ದುವ ಕತ್ತರಿಯನ್ನೇ ಜೀವಿಯೊಳಗೆ ಇಟ್ಟುಬಿಡುತ್ತಾರೆ. ಒಂದು ಕಡೆಯಿಂದ ಬಂದ ಬದಲಾವಣೆ ಇನ್ನೊಂದು ಕಡೆಯ ಪ್ರತಿಯನ್ನೂ ತನ್ನಂತೆಯೇ ಮಾಡುತ್ತದೆ. ಮಕ್ಕಳಲ್ಲಿ ಅರ್ಧಕ್ಕಲ್ಲ, ಹೆಚ್ಚುಕಡಿಮೆ ಎಲ್ಲಕ್ಕೂ ಅದು ಹೋಗುತ್ತದೆ. ಕೆಲವನ್ನು ಬಿಟ್ಟರೆ ಸಾಕು, ಮುಂದಿನದನ್ನು ಸೊಳ್ಳೆಗಳೇ ನೋಡಿಕೊಳ್ಳುತ್ತವೆ.

2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಸೊಳ್ಳೆಯಲ್ಲಿ ಮಾಡಿ ತೋರಿಸಿದರು. ಶೇ 99ಕ್ಕೂ ಹೆಚ್ಚು ಮರಿಗಳಿಗೆ ಮಲೇರಿಯಾ ತಡೆಯುವ ವಂಶವಾಹಿ ದಾಟಿತು. ಅವರು ಆರಿಸಿಕೊಂಡದ್ದು ‘ಅನಾಫಿಲಿಸ್ ಸ್ಟೀಫನ್ಸೈ’, ಅಂದರೆ ನಮ್ಮದೇ ನಗರಗಳ ಓವರ್‌ಹೆಡ್ ಟ್ಯಾಂಕಿನಲ್ಲಿ, ಬಾವಿಯಲ್ಲಿ ಮರಿ ಮಾಡುವ ಸೊಳ್ಳೆ. ಮಂಗಳೂರಿನವರು ವರ್ಷಗಟ್ಟಲೆ ಅನುಭವಿಸಿದ ಮಲೇರಿಯಾದ ವಾಹಕ.

2016ರಲ್ಲಿ ಟಾಟಾ ಟ್ರಸ್ಟ್ಸ್ ಈ ಬಗೆಯ ಸಂಶೋಧನೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಜೊತೆ ಸೇರಿ 7 ಕೋಟಿ ಡಾಲರ್ ನೆರವು ಘೋಷಿಸಿತು. ‘ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಆ್ಯಂಡ್ ಸೊಸೈಟಿ’ ಹುಟ್ಟಿದ್ದು ಹೀಗೆ. ಅದರ ಭಾರತದ ನೆಲೆ ಬೆಂಗಳೂರು. ಹೆಸರಿನಲ್ಲಿ ‘ಸೊಸೈಟಿ’ ಎಂಬ ಪದವೂ ಇದೆ. ಸಮಾಜವನ್ನು ಕೇಳಿಯೇ ಮುಂದೆ ಹೋಗಬೇಕೆಂಬ ಆಶಯ ಅಲ್ಲಿದೆ ಎಂದು ನಾನು ನಂಬುತ್ತೇನೆ. ಈ ಸಾಲು ಬರೆಯುವ ಹೊತ್ತಿಗೆ ಜಗತ್ತಿನ ಎಲ್ಲಿಯೂ ಜೀನ್ ಡ್ರೈವ್ ಸೊಳ್ಳೆಯನ್ನು ಬಯಲಿಗೆ ಬಿಟ್ಟಿಲ್ಲ. ಹಾಗಾಗಿಯೇ ಮಾತನಾಡಲು ಇದು ಸರಿಯಾದ ಸಮಯ.

ಮಲೇರಿಯಾದಿಂದ ಮಗು ಕಳೆದುಕೊಂಡವರ ಮುಂದೆ ಈ ಸಂಶೋಧನೆಯೇ ಬೇಡ ಎನ್ನುವ ಹಕ್ಕು ನನಗಿಲ್ಲ. ಆದರೆ ಸೊಳ್ಳೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ, ರಾಜ್ಯದ ಗಡಿಯೂ ಗೊತ್ತಿಲ್ಲ. ಬೆಂಗಳೂರು ಒಪ್ಪಿದರೆ ಅದು ಕೊಳ್ಳೇಗಾಲವೂ ಒಪ್ಪಿದಂತೆ, ಸತ್ಯಮಂಗಲವೂ ಒಪ್ಪಿದಂತೆ ಆಗುತ್ತದೆ.

ಮುಚ್ಚಿಟ್ಟು ಕೆಟ್ಟ ಕೆಲಸಗಳು

ಸೊಳ್ಳೆಯ ವಂಶ ಬದಲಿಸಿ ರೋಗ ತಡೆಯುವ ಪ್ರಯತ್ನ ಭಾರತಕ್ಕೆ ಹೊಸದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1969ರಲ್ಲಿ ದಿಲ್ಲಿಯಲ್ಲಿ ಒಂದು ಘಟಕ ತೆರೆದವು. ಹಣ ಅಮೆರಿಕದ್ದು. ದಿಲ್ಲಿ ಸುತ್ತಿನ ಹಳ್ಳಿಗಳಲ್ಲಿ ಬಂಜೆ ಮಾಡಿದ ಗಂಡು ಸೊಳ್ಳೆಗಳನ್ನು ಬಿಟ್ಟು ನೋಡಿದರು. 1975ರಲ್ಲಿ ಹರಿಯಾಣದ ಸೋನಿಪತ್ ಪಟ್ಟಣದಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೇಲೆ ದೊಡ್ಡ ಪ್ರಯೋಗಕ್ಕೆ ತಯಾರಿ ನಡೆದಿತ್ತು.

ಅಷ್ಟರಲ್ಲಿ ಪಿಟಿಐ ಸುದ್ದಿಸಂಸ್ಥೆಯ ವರದಿಗಳು ಹೊರಬಂದವು. ಈಡಿಸ್ ಹಳದಿ ಜ್ವರವನ್ನೂ ಹರಡಬಲ್ಲ ಸೊಳ್ಳೆ, ಭಾರತದಲ್ಲಿ ಆ ಜ್ವರವೇ ಇಲ್ಲ. ಹಾಗಿದ್ದರೆ ಈ ಸೊಳ್ಳೆಯ ಬಗ್ಗೆ ಹೊರದೇಶಕ್ಕೆ ಇಷ್ಟೇಕೆ ಆಸಕ್ತಿ ಎಂಬ ಪ್ರಶ್ನೆ ಎದ್ದಿತು. ಜೈವಿಕ ಅಸ್ತ್ರದ ಅನುಮಾನವೂ ಬೆರೆಯಿತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕಟುವಾದ ವರದಿ ಕೊಟ್ಟಿತು. 1975ರ ಮಧ್ಯಕ್ಕೆ ಘಟಕಕ್ಕೆ ಬೀಗ ಬಿತ್ತು. ಅನುಮಾನ ರುಜುವಾತಾಗಲಿಲ್ಲ. ಒಳ್ಳೆಯ ವಿಜ್ಞಾನವೂ ಅದರೊಂದಿಗೇ ಮಣ್ಣಾಯಿತು. ಮೊದಲೇ ಊರಿಗೆ ಎಲ್ಲ ಹೇಳಿದ್ದರೆ ಬೇರೆಯದೇ ಕಥೆ ಆಗುತ್ತಿತ್ತೇನೋ.

ಕರ್ನಾಟಕದ ನೆನಪು ಇನ್ನೂ ಹತ್ತಿರದ್ದು. 1998ರ ನವೆಂಬರ್ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟಿತು. ತನ್ನ ಹೊಲದಲ್ಲಿ ಬೆಳೆಯುತ್ತಿರುವುದು ಏನೆಂದು ಹೊಲದ ರೈತನಿಗೇ ಸರಿಯಾಗಿ ಹೇಳಿರಲಿಲ್ಲ ಎಂಬುದು ಅಂದಿನ ಸಿಟ್ಟಿನ ಮೂಲ. ಆ ಸಂಘ ಕಟ್ಟಿದ ಅಮೃತಭೂಮಿ ಇರುವುದು ಯಳಂದೂರಿನಿಂದ ಹೆಚ್ಚು ದೂರವಿಲ್ಲದ ಹೊಂಡರಬಾಳುವಿನಲ್ಲಿ, ಇದೇ ಬೆಟ್ಟದ ತಪ್ಪಲಲ್ಲಿ. ಅಲ್ಲಿ ನಾಟಿ ಬೀಜ ಉಳಿಸುವ ಕೆಲಸ ನಡೆಯುತ್ತದೆ. ಬಿಟಿ ಹತ್ತಿಗೆ 2002ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು.

ಬದನೆಯ ಸರದಿ ಬಂದಾಗ ಪಾಠ ಸ್ವಲ್ಪ ತಲೆಗೆ ಹತ್ತಿತ್ತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿದರು. ಕೊನೆಯ ಸಭೆ ಬೆಂಗಳೂರಿನಲ್ಲಿ, 2010ರ ಫೆಬ್ರುವರಿ 6ರಂದು. ರೈತರು, ವಿಜ್ಞಾನಿಗಳು, ವೈದ್ಯರು ಒಂದೇ ಸೂರಿನಡಿ ಕೂಗಾಡಿದರು, ವಾದಿಸಿದರು. ಮೂರು ದಿನದ ನಂತರ ಬಿಟಿ ಬದನೆಗೆ ತಡೆ ಬಿತ್ತು. ನಿರ್ಧಾರವನ್ನು ಒಪ್ಪದವರೂ ಕಾರಣಗಳನ್ನು ಓದಬಹುದಿತ್ತು, ಸಚಿವರು ಅಷ್ಟು ವಿವರವಾಗಿ ಬರೆದು ಪ್ರಕಟಿಸಿದರು. ಅದೇ ವರ್ಷ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್, ಬಿಟಿ ಬದನೆಗಾಗಿ ರಾಜ್ಯದ ನಾಟಿ ಬದನೆ ತಳಿಗಳನ್ನು ಬಳಸುವಾಗ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಮಿತಿಗಳನ್ನು ಕೇಳಲಿಲ್ಲ ಎಂದು ದೂರು ಕೊಟ್ಟಿತು.

ಕುಲಾಂತರಿ ಸಾಸಿವೆಯ ಪ್ರಕರಣದಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಪೀಠ ಒಡೆದ ತೀರ್ಪು ನೀಡಿತು. ಸಾಸಿವೆಯನ್ನು ಬಯಲಿಗೆ ಬಿಡಲು ಜಿಇಎಸಿ ಕೊಟ್ಟಿದ್ದ ಒಪ್ಪಿಗೆಯನ್ನು ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ರದ್ದು ಮಾಡಿದರು. ನ್ಯಾಯಮೂರ್ತಿ ಸಂಜಯ್ ಕರೋಲ್ ಎತ್ತಿಹಿಡಿದರು. ಒಂದು ವಿಷಯದಲ್ಲಿ ಇಬ್ಬರೂ ಒಂದಾದರು: ರೈತರನ್ನೂ ರಾಜ್ಯಗಳನ್ನೂ ಕೇಳಿ ಕೇಂದ್ರ ರಾಷ್ಟ್ರೀಯ ನೀತಿಯೊಂದನ್ನು ರೂಪಿಸಬೇಕು.

---

ಕಾಂಗ್ರೆಸ್ ಗಿಡದ ದುಂಬಿ

ಕಾಂಗ್ರೆಸ್ ಗಿಡ ತಿನ್ನಲೆಂದು ಮೆಕ್ಸಿಕೊದ ದುಂಬಿಯೊಂದನ್ನು 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಚೆನ್ನಾಗಿಯೇ ನೆಲೆಯೂರಿತು. ತೊಂಬತ್ತರ ದಶಕದ ಆರಂಭದಲ್ಲಿ ದುಂಬಿ ಸೂರ್ಯಕಾಂತಿ ಎಲೆಯನ್ನೂ ತಿನ್ನುವುದು ಕಂಡು ಗದ್ದಲವಾಯಿತು. ಸತ್ಯಶೋಧನಾ ಸಮಿತಿ ಕುಳಿತಿತು, ಬಿಡುಗಡೆ ನಿಂತಿತು. ಸೂರ್ಯಕಾಂತಿ ಎಲೆಯ ಮೇಲೆ ಕಾಂಗ್ರೆಸ್ ಗಿಡದ ಪರಾಗ ಬಿದ್ದಾಗ ದುಂಬಿ ಮೋಸಹೋಗಿ ತಿನ್ನುತ್ತದೆ ಎಂದು ಸಂಶೋಧಕರು ಕಂಡುಕೊಂಡರು. ಬಿಡುವ ಮೊದಲಿನ ಪರೀಕ್ಷೆಗಳಲ್ಲಿ ಇದು ಹೊಳೆದಿರಲಿಲ್ಲ.

---

ಹಾಲುತೊಂಡೆಗೆ ಮದ್ದು

ಮತ್ತೆ ಅದೇ ಹುಳುಮನೆಗೆ ಬರುತ್ತೇನೆ. ಊಜಿಗಿಂತಲೂ ಮನೆಯೊಡತಿ ಹೆದರುವ ಇನ್ನೊಂದು ಹೆಸರಿದೆ: ಹಾಲುತೊಂಡೆ. ಹುಳುವಿನ ಮೈ ಊದಿ, ಚರ್ಮ ಒಡೆದು, ಹಾಲಿನಂಥ ರಸ ಸೋರುತ್ತದೆ. ಒಂದು ತಟ್ಟೆಯಲ್ಲಿ ಕಂಡರೆ ಇಡೀ ಬೆಳೆಯ ಆಸೆ ಬಿಡಬೇಕು. ಇದು ವೈರಸ್, ಔಷಧಿ ಇಲ್ಲ.

ಹೈದರಾಬಾದ್‌ನ ಸಿಡಿಎಫ್‌ಡಿ ಸಂಸ್ಥೆಯಲ್ಲಿ ಡಾ. ಜೆ. ನಾಗರಾಜು ಅವರ ತಂಡ ಹಿಂದೂಪುರದ ರೇಷ್ಮೆ ಸಂಸ್ಥೆಯ ಜೊತೆ ಸೇರಿ ಈ ವೈರಸ್ಸಿಗೆ ಜಗ್ಗದ ಕುಲಾಂತರಿ ಹುಳುವನ್ನು ಸೃಷ್ಟಿಸಿತು. ವೈರಸ್ಸಿನ ನಾಲ್ಕು ವಂಶವಾಹಿಗಳ ಬಾಯಿ ಕಟ್ಟುವ ತಂತ್ರ ಅದು. ಬದಲಾದ ಹುಳುವನ್ನು ಗುರುತಿಸಲು ವಿಶೇಷ ಬೆಳಕಿನಲ್ಲಿ ಅದರ ಕಣ್ಣು ಕೆಂಪಗೆ ಹೊಳೆಯುವಂತೆ ಮಾಡಿದ್ದರು. 2013ರಲ್ಲಿ ವಿವರ ಪ್ರಕಟವಾಗುವ ಹೊತ್ತಿಗೆ ನಾಗರಾಜು ಇರಲಿಲ್ಲ. 2012ರ ಕೊನೆಯ ದಿನ ಅವರು ತೀರಿಕೊಂಡಿದ್ದರು.

ಕೊಳ್ಳೇಗಾಲ, ಹನೂರು, ಯಳಂದೂರಿನ ರೇಷ್ಮೆ ರೈತರಿಗೆ ಇಂಥ ಹುಳು ಸಿಕ್ಕರೆ ನಾನು ಸಂತೋಷಪಡುತ್ತೇನೆ. ಯಾಕೆಂದರೆ ರೇಷ್ಮೆ ಹುಳು ಸೊಳ್ಳೆಯಲ್ಲ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲೇ ಸಾಕಿಸಿಕೊಂಡ ಅದರ ಚಿಟ್ಟೆಗೆ ಹಾರಲು ಬಾರದು. ಹುಳುವನ್ನು ಗಿಡದ ಮೇಲೆ ಬಿಟ್ಟರೆ ಬದುಕಲಾರದು. ಬಾಗಿಲು ತೆರೆದಿಟ್ಟರೂ ಅದು ಬೆಟ್ಟ ಸೇರುವುದಿಲ್ಲ. ಹೀಗೆ ಒಂದೊಂದು ಜೀವಿಯನ್ನೂ ಬೇರೆಬೇರೆಯಾಗಿ ತೂಗಬೇಕು: ಅದು ತಾನಾಗಿ ಬದುಕಬಲ್ಲದೇ, ಹಾರಬಲ್ಲದೇ, ಕಾಡಿನಲ್ಲಿ ಅದಕ್ಕೆ ನೆಂಟರಿದ್ದಾರೆಯೇ, ಬೇಡವೆಂದರೆ ಹಿಂದಕ್ಕೆ ತರಬಹುದೇ. ಹೊರಗಿನ ಡಿಎನ್‌ಎ ಇದೆಯೋ ಇಲ್ಲವೋ ಎಂಬ ಒಂದೇ ತಕ್ಕಡಿ ಸಾಲದು.

ಗ್ರಾಮಸಭೆಯ ಸಹಿ

2018ರಲ್ಲಿ ಈಜಿಪ್ಟಿನ ಶರ್ಮ್ ಅಲ್ ಶೇಖ್‌ನಲ್ಲಿ ನಡೆದ ಜೀವವೈವಿಧ್ಯ ಒಪ್ಪಂದದ ಸಭೆ ಜೀನ್ ಡ್ರೈವ್ ಬಗ್ಗೆ ಒಂದು ತೀರ್ಮಾನ ಮಾಡಿತು. ಬಿಡುಗಡೆಯಿಂದ ಬಾಧಿತರಾಗಬಹುದಾದ ಮೂಲನಿವಾಸಿಗಳ ಮತ್ತು ಸ್ಥಳೀಯರ ಒಪ್ಪಿಗೆಯನ್ನು ಮೊದಲೇ ಎಲ್ಲ ತಿಳಿಸಿ ಕೇಳಬೇಕು ಎಂಬುದು ಅದರ ಒಂದು ಅಂಶ. ಭಾರತವೂ ಆ ಒಪ್ಪಂದದ ಸದಸ್ಯ.

ಆಫ್ರಿಕಾದ ಬುರ್ಕಿನಾ ಫಾಸೊದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಬಾನಾ ಎಂಬ ಹಳ್ಳಿಯಲ್ಲಿ ವರ್ಷಗಟ್ಟಲೆ ಸಭೆ ನಡೆಸಿ, ಊರವರ ಒಪ್ಪಿಗೆ ಪಡೆದು, 2019ರ ಜುಲೈನಲ್ಲಿ ಬಂಜೆ ಮಾಡಿದ ಗಂಡು ಸೊಳ್ಳೆಗಳನ್ನು ಬಿಟ್ಟರು. ಅವು ಜೀನ್ ಡ್ರೈವ್ ಸೊಳ್ಳೆಗಳಲ್ಲ, ಅದರ ಹಿಂದಿನ ಮೆಟ್ಟಿಲು. ಒಂದು ಹಳ್ಳಿಯ ಒಪ್ಪಿಗೆ ದೇಶದ ಒಪ್ಪಿಗೆಯೇ ಎಂಬ ಪ್ರಶ್ನೆ ಬಿಡಲಿಲ್ಲ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಇಡೀ ಯೋಜನೆಯನ್ನೇ ನಿಲ್ಲಿಸಿತು.

ಒಪ್ಪಿಗೆ ಕೇಳುವುದು ಸುಲಭವಲ್ಲ. ಆದರೆ ನಮ್ಮ ಬೆಟ್ಟದಲ್ಲಿ ಅದಕ್ಕೊಂದು ನೆಲೆ ಈಗಾಗಲೇ ಇದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ಅವರೇ ಮೊದಲಿಗರು. ಜೇನು, ನೆಲ್ಲಿ ಸಂಗ್ರಹದಷ್ಟೇ ಕಾಡನ್ನು ಕಾಯುವುದೂ ಆ ಹಕ್ಕಿನ ಭಾಗ. ಹೆಜ್ಜೇನು ಕಾಡಿನ ಮರದಲ್ಲಿ ಗೂಡು ಕಟ್ಟಿ ಅಗರದ ತೋಟಗಳ ಹೂವಿಗೂ ಬರುತ್ತದೆ. ಕೆಳಗಿನ ಹೊಲದಲ್ಲಿ ಬಿಟ್ಟದ್ದರ ಲೆಕ್ಕ ಮೇಲಿನ ಪೋಡಿಗೂ ಸಲ್ಲಬೇಕು.

ತಪ್ಪಲಿನ ಊರುಗಳಿಗೂ ಕಾನೂನಿನ ಆಸರೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ತಳಿ, ಗಿಡ, ಜೀವಿಗಳ ದಾಖಲೆ ಪುಸ್ತಕ ಬರೆದಿರಬೇಕು. ನನ್ನ ಬೇಡಿಕೆ ಇಷ್ಟು. ತಿದ್ದಿದ ಯಾವುದೇ ಜೀವಿಯನ್ನು ಒಂದು ತಾಲ್ಲೂಕಿಗೆ ತರುವ ಮೊದಲು ಅದರ ಪರೀಕ್ಷೆಯ ಪೂರ್ತಿ ವಿವರ ಕನ್ನಡದಲ್ಲಿ ಈ ಸಮಿತಿಯ ಮೇಜಿಗೆ ಬರಲಿ. ಗ್ರಾಮಸಭೆಯಲ್ಲಿ ಓದಿ ಹೇಳಲಿ. ಹಾನಿಯಾದರೆ ತುಂಬಿಕೊಡುವವರು ಯಾರೆಂದು ಮೊದಲೇ ಬರೆದು ಸಹಿ ಹಾಕಲಿ. ಜಿಲ್ಲಾ ಮಟ್ಟದ ಸಮಿತಿಯಲ್ಲಿ ರೈತರಿಗೂ ಸೋಲಿಗರಿಗೂ ಕುರ್ಚಿ ಸಿಗಲಿ.

ಅಲ್ಲಿಯವರೆಗೆ ಓದುಗರು ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯಲ್ಲಿ ಯಾರಿದ್ದಾರೆ, ಅದು ಕೊನೆಯ ಬಾರಿ ಯಾವಾಗ ಸೇರಿತ್ತು, 1989ರ ನಿಯಮದ ಜಿಲ್ಲಾ ಸಮಿತಿ ನಿಮ್ಮ ಜಿಲ್ಲೆಯಲ್ಲಿ ಇದೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ.